ಕೇಳಲು ನಾಚಿಕೆಯೇಕೆ?

ಮೊನ್ನೆ ಕೊಯಮತ್ತೂರಿನ ಜಪಾನಿ ಅಂಗಡಿಯೊಂದಕ್ಕೆ ಚಿಕನ್ ಕಟ್ಸು ಸ್ಯಾಂಡ್‌ವಿಚ್ ತಿನ್ನಲು ಹೋಗಿದ್ದೆವು. ಕಟ್ಸು ಅಂದರೆ ಕಟ್ಲೆಟ್; ಆ ಪದದಿಂದಲೇ ಹುಟ್ಟಿದ ಹೆಸರು. ಆದರೆ 1935ರಲ್ಲಿ ಟೋಕಿಯೋದ ಇಸೆನ್ ಹೋಟೆಲು ಈ ಸ್ಯಾಂಡ್‌ವಿಚ್ ಶುರುಮಾಡಿದ್ದೇ ಹಂದಿಮಾಂಸದಿಂದ ಎನ್ನುತ್ತಾರೆ. "ಕೋಳಿ ಹಲಾಲಾ? ಹಂದಿ ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ?" ಎಂದು ಕೇಳಿದೆ. ಜೊತೆಗಿದ್ದ ನಮ್ಮೂರಿನ ಹುಡುಗ ತಿವಿದ: "ಮರ್ಯಾದೆ ತೆಗೀಬೇಡ ಮಾರಾಯ!"

ಯಾರ ಮರ್ಯಾದೆ? ಅಡುಗೆಯವ ನಗುತ್ತಲೇ ಬಂದು ಹಲಾಲ್ ಪತ್ರ, ಬೇರೆ ಬಾಣಲೆ ಎರಡನ್ನೂ ತೋರಿಸಿದ. ನಾನು ಬಾಪನ ದಿನಸಿ ಅಂಗಡಿಯಲ್ಲಿ ಬೆಳೆದವನು. "ಅಕ್ಕಿ ಹಳೆಯದಾ, ಹೊಸದಾ?" ಎಂದು ಕೇಳಿದ ಗಿರಾಕಿಯ ಮೇಲೆ ಬಾಪ ಒಮ್ಮೆಯೂ ಸಿಡುಕಿದ್ದಿಲ್ಲ. "ಮೊಟ್ಟೆ ಹಾಕಿದ್ದೀರಾ?" ಎಂದು ಸಸ್ಯಾಹಾರಿಗಳು ಜೋರಾಗಿಯೇ ಕೇಳುತ್ತಾರೆ. ನಾವು ಮಾತ್ರ ಪಿಸುಗುಟ್ಟಬೇಕೇ?

ಕೇಳದೆ ತಿಂದು ಆಮೇಲೆ ಕೊರಗುವುದೂ ತಪ್ಪು, ಕೇಳದೆಯೇ "ಅಲ್ಲಿ ಹರಾಂ" ಎಂದು ವಾಟ್ಸಾಪ್‌ನಲ್ಲಿ ಹಬ್ಬಿಸುವುದೂ ತಪ್ಪು. ಮಕ್ಕಳಿಗೆ ತಲೆಯೆತ್ತಿ ಕೇಳಲು ಕಲಿಸಿ.