ಸಹಾಯಕನಿಗೆ ನೆನಪಿರಲಿ, ಒಡೆತನ ನಮಗಿರಲಿ

ಎಐ ಸಹಾಯಕರಿಗೆ ನೆನಪು ಬೇಕೇ ಬೇಕು. ಮೊನ್ನೆ ನಿಲ್ಲಿಸಿದ ಮಾತನ್ನು ಇವತ್ತು ಮುಂದುವರಿಸಲು ಬಾರದವರ ಜತೆ ಯಾವ ದೊಡ್ಡ ಕೆಲಸವೂ ಸಾಗುವುದಿಲ್ಲ. ಆದರೆ ಆ ನೆನಪಿನಲ್ಲಿ ಏನಿದೆ ಎಂಬುದು ಬಳಸುವವರ ಕಣ್ಣಿಗೆ, ಅವರದೇ ಭಾಷೆಯಲ್ಲಿ ಕಾಣಬೇಕು. ತಪ್ಪಿದ್ದರೆ ತಿದ್ದಲು, ಬೇಡವಾದರೆ ಅಳಿಸಲು, ಬೇರೆ ಕಂಪನಿಯ ಸೇವೆಗೆ ಹೋಗುವಾಗ ಜತೆಗೆ ಒಯ್ಯಲು ಅವಕಾಶವಿರಬೇಕು. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನಾಗಿ, ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ತೋಟದ ಸಮಸ್ಯೆ ಒಂದು ದಿನದ ಪ್ರಶ್ನೋತ್ತರದಲ್ಲಿ ಮುಗಿಯುವಂಥದ್ದಲ್ಲ. ನಮ್ಮ ತೋಟದ ಕೆಳಭಾಗದಲ್ಲಿ ಅಡಿಕೆ ಸೋಗೆ ಹಳದಿಯಾಗತೊಡಗಿತು, ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳು ಸೊರಗಿದವು. ಮಣ್ಣು ಪರೀಕ್ಷೆಯ ವರದಿ, ಸೋಗೆಯ ಫೋಟೊ, ಹಿಂದೆ ಹಾಕಿದ ಗೊಬ್ಬರದ ಲೆಕ್ಕ ಎಲ್ಲವನ್ನೂ ಕೊಟ್ಟು ಹಲವು ಸಂಜೆ ಸಹಾಯಕನ ಜತೆ ಚರ್ಚಿಸಿದೆ. ಪೊಟ್ಯಾಷ್ ಹೆಚ್ಚಿಸಿ ನೋಡಿಯಾಗಿತ್ತು, ಗುಣ ಕಂಡಿರಲಿಲ್ಲ. ಆ ಜಾಗದಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಮೊದಲು ಬಸಿಗಾಲುವೆ ಆಳ ಮಾಡಬೇಕು, ಗೊಬ್ಬರದ ಮಾತು ಆಮೇಲೆ ಎಂಬ ತೀರ್ಮಾನಕ್ಕೆ ಬಂದೆವು. ಕಾಲುವೆ ಕೆಲಸ ಮುಗಿಸಿ, ಹೊಸ ಚಾಟ್ ತೆರೆದು ಮುಂದೇನು ಎಂದು ಕೇಳಿದರೆ ಸಿಕ್ಕ ಮೊದಲ ಸಲಹೆ ಮತ್ತೆ ಅದೇ: ಪೊಟ್ಯಾಷ್ ಹೆಚ್ಚಿಸಿ.

ಹೀಗಾಗುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ನಾವು ಮಾತಾಡಿದ್ದೆಲ್ಲ ಅಲ್ಲಿಂದಲ್ಲಿಗೇ ಎಐ ಮಾದರಿಯ ಒಳಗೆ ಸೇರಿಕೊಳ್ಳುವುದಿಲ್ಲ. ಪ್ರಶ್ನೆ ಕಳಿಸಿದಾಗಲೆಲ್ಲ ಆ ಚಾಟ್‌ನಲ್ಲಿ ಅಲ್ಲಿಯವರೆಗೆ ನಡೆದ ಮಾತು ಮತ್ತೆ ಅದರ ಮುಂದೆ ಹೋಗುತ್ತದೆ. ಅದನ್ನು ಓದಿಕೊಂಡೇ ಅದು ಉತ್ತರ ಕೊಡುತ್ತದೆ. ಹೊಸ ಚಾಟ್‌ನಲ್ಲಿ ಓದಲು ಏನೂ ಇರುವುದಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಇದ್ದದ್ದು ಇಷ್ಟೇ. 2024ರ ಫೆಬ್ರುವರಿಯಲ್ಲಿ ಓಪನ್‌ಎಐ ನೆನಪಿನ ಸೌಲಭ್ಯವನ್ನು ಪರೀಕ್ಷೆಗೆ ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಹಳೆಯ ಮಾತುಕತೆಗಳನ್ನೂ ಬಳಸಿಕೊಳ್ಳುವಂತೆ ಅದನ್ನು ವಿಸ್ತರಿಸಿತು. ಜೆಮಿನಿ, ಕ್ಲಾಡ್‌ಗಳಲ್ಲೂ ಈಗ ಇಂಥ ಸೌಲಭ್ಯವಿದೆ. ನಡೆದ ಮಾತಿನ ಸಾರಾಂಶ ಬರೆದಿಟ್ಟುಕೊಳ್ಳುವುದು ಒಂದು ವಿಧಾನ. ಹಳೆಯ ಚಾಟ್‌ಗಳಲ್ಲಿ ಹುಡುಕಿ, ಬೇಕಾದ ತುಣುಕುಗಳನ್ನು ಹೊಸ ಪ್ರಶ್ನೆಯ ಜತೆ ಸೇರಿಸುವುದು ಇನ್ನೊಂದು.

ತೊಂದರೆ ಇರುವುದು ಸಾರಾಂಶದಲ್ಲಿ. ನೆನಪಿನ ಸೌಲಭ್ಯ ಶುರು ಮಾಡಿಕೊಂಡು ಕೆಲವು ವಾರ ಕಳೆದ ಮೇಲೆ ಅದು ಏನು ಬರೆದಿಟ್ಟಿದೆ ಎಂದು ತೆರೆದು ನೋಡಿದೆ. ಇವರಿಗೆ ಅಡಿಕೆ ತೋಟವಿದೆ, ಸೋಗೆ ಹಳದಿಯಾಗುತ್ತಿದೆ, ಗೊಬ್ಬರದ ಬಗ್ಗೆ ಆಸಕ್ತಿಯಿದೆ ಎಂದಷ್ಟೇ ಇತ್ತು, ಅದೂ ಇಂಗ್ಲಿಷಿನಲ್ಲಿ. ಪೊಟ್ಯಾಷ್ ಫಲ ಕೊಡಲಿಲ್ಲ ಎಂಬುದಿಲ್ಲ, ಬಸಿಗಾಲುವೆಯ ಸುದ್ದಿಯೇ ಇಲ್ಲ. ಪಕ್ಕದ ತೋಟದ ಹಿರಿಯರ ಪರವಾಗಿ ನಾನೊಮ್ಮೆ ಹನಿ ನೀರಾವರಿಯ ಬಗ್ಗೆ ಕೇಳಿದ್ದೆ. ಅದು ಮಾತ್ರ ನನ್ನದೇ ತೋಟದ ವಿವರವಾಗಿ ಸೇರಿಕೊಂಡಿತ್ತು. ನಮ್ಮ ತೋಟಕ್ಕೆ ಹಳ್ಳದ ನೀರು, ಸ್ಪ್ರಿಂಕ್ಲರ್. ಮರೆವಾದರೂ ಮತ್ತೊಮ್ಮೆ ಹೇಳಿ ಸರಿಪಡಿಸಬಹುದು. ಕಣ್ಣಿಗೆ ಕಾಣದಂತೆ ಕೂತಿರುವ ತಪ್ಪು ನೆನಪು ಮುಂದಿನ ಪ್ರತಿ ಸಲಹೆಯನ್ನೂ ಕೆಡಿಸುತ್ತದೆ.

ಯಾವುದನ್ನು ನೆನಪಿಡಬೇಕು ಎಂಬುದಕ್ಕೆ ಉದಾಹರಣೆಯಾಗಿ ನನ್ನ ಅಪ್ಪಯ್ಯ ಬರೆಯುತ್ತಿದ್ದ ತೋಟದ ಪುಸ್ತಕ ನನ್ನ ಮುಂದಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದ ದಿನದ ಪುಟದಲ್ಲಿ ಮೊದಲು ತಾರೀಕು. ಆಮೇಲೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಲೆಕ್ಕ. ಕೆಳಗೆ, ಮಳೆ ಬಂತು, ಮೇಲಿನ ಪಟ್ಟಿ ಬಾಕಿ ಎಂಬ ಷರಾ. ಮಾಡಿದ್ದೇನು, ಯಾವಾಗ, ನಿಲ್ಲಿಸಿದ್ದೇಕೆ, ಉಳಿದದ್ದೇನು ಎಲ್ಲ ಅಲ್ಲಿದೆ. ಮಾರನೆಯ ದಿನ ಯಾರೇ ಬಂದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಎಐ ಸಹಾಯಕನ ನೆನಪಿನಲ್ಲೂ ಇವೇ ಇರಬೇಕು: ತೀರ್ಮಾನ, ಅದರ ಕಾರಣ, ಕೈಬಿಟ್ಟ ದಾರಿಗಳು, ಬಾಕಿ ಕೆಲಸ, ತಾರೀಕು. ಇಂಥವರ ಸ್ವಭಾವ ಹೀಗೆ, ಆಸಕ್ತಿ ಹಾಗೆ ಎಂಬ ಊಹೆಗಳು ನನಗೆ ಬೇಕಾಗಿಲ್ಲ.

ಕನ್ನಡದಲ್ಲಿ ಕೇಳುವವರಿಗೆ ಇನ್ನೊಂದು ಕಷ್ಟವೂ ಇದೆ. ಈ ಮಾದರಿಗಳು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ, ಒಮ್ಮೆಗೆ ಓದಬಲ್ಲ ಟೋಕನ್‌ಗಳಿಗೆ ಮಿತಿಯಿದೆ. ನಮ್ಮ ಭಾಷೆಗಳ ಬರಹ ಇಂಗ್ಲಿಷಿಗಿಂತ ಹೆಚ್ಚು ತುಣುಕಾಗುತ್ತದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ತಾನೇ ಕೊಟ್ಟ ಉದಾಹರಣೆಯಲ್ಲಿ, ಮೊದಲು 159 ಟೋಕನ್ ಹಿಡಿಯುತ್ತಿದ್ದ ತೆಲುಗು ಬರಹ ಹೊಸ ವಿಧಾನದಲ್ಲಿ 45ಕ್ಕೆ ಇಳಿದಿತ್ತು. ಸುಧಾರಣೆ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಕನ್ನಡಕ್ಕೂ ಅಷ್ಟೇ ಆಸ್ಥೆಯಿಂದ ಈ ಕೆಲಸ ಆಗಲಿ. ಇಲ್ಲದಿದ್ದರೆ ಅಷ್ಟೇ ಜಾಗದಲ್ಲಿ ನಮ್ಮ ಮಾತು ಕಡಿಮೆ ಹಿಡಿಸುತ್ತದೆ, ಬೇಗ ಕತ್ತರಿ ಬೀಳುವುದೂ ನಮ್ಮದಕ್ಕೇ.

ಒಡೆತನದ ಪ್ರಶ್ನೆಗೆ ಕಾನೂನಿನ ಬಲವೂ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಮಾಹಿತಿಯನ್ನು ತಿದ್ದಿಸುವ, ಅಳಿಸಿಹಾಕಿಸುವ ಹಕ್ಕು ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಆದರೆ ನಮ್ಮ ಮಾಹಿತಿಯನ್ನು ಒಂದು ಸೇವೆಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಇದರಲ್ಲಿಲ್ಲ. 2019ರ ಮಸೂದೆಯಲ್ಲಿ ಅದಿತ್ತು, ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ ಈಗಲೂ ಇದೆ. ವರ್ಷಗಟ್ಟಲೆ ತೋಟದ ವಿವರ ಹೇಳಿಟ್ಟ ಮೇಲೆ, ದರ ಹೆಚ್ಚಾಯಿತೆಂದು ಆ ಕಂಪನಿಯನ್ನು ಬಿಡುವ ರೈತ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾದರೆ, ಆ ನೆನಪು ಅವನನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ. ಈ ಹಕ್ಕನ್ನು ಸಂಸತ್ತು ಮರಳಿ ಸೇರಿಸಲಿ.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಸಹಾಯಕ ನಿಮ್ಮ ಬಗ್ಗೆ ಏನು ಬರೆದಿಟ್ಟಿದೆ ಎಂದು ಓದಿ, ತಪ್ಪಿದ್ದನ್ನು ಅಳಿಸಿ. ಪ್ರತಿ ಚರ್ಚೆಯ ಕೊನೆಗೆ ತೀರ್ಮಾನ, ಕಾರಣ, ಕೈಬಿಟ್ಟದ್ದು, ಬಾಕಿ ಇಷ್ಟನ್ನು ಕನ್ನಡದಲ್ಲಿ ಬರೆದುಕೊಡು ಎಂದು ಕೇಳಿ, ಓದಿ, ತಿದ್ದಿ, ನಿಮ್ಮ ಮೊಬೈಲಿನಲ್ಲೇ ಉಳಿಸಿಕೊಳ್ಳಿ. ಮುಂದಿನ ಸಲ ಅದನ್ನೇ ಮೊದಲು ಅಂಟಿಸಿ ಮಾತು ಶುರು ಮಾಡಿ. ನಾನು ಈಗ ಹೀಗೇ ಮಾಡುತ್ತಿದ್ದೇನೆ. ಪೊಟ್ಯಾಷಿನ ಸಲಹೆ ಮತ್ತೆ ಬಂದಿಲ್ಲ. ಬಳಸುವವರು ಕೈಯಾರೆ ಮಾಡಿಕೊಳ್ಳುತ್ತಿರುವ ಇದನ್ನು ಕಂಪನಿಗಳು ತಾವಾಗಿಯೇ ಒದಗಿಸಬೇಕು.