ಮಾಗಿಯ ಮುಂಜಾವಿನ ಹವೆ

ಪ್ರಾತಃಕಾಲದ ಹವೆಯಷ್ಟು ನಿರ್ಮಲವಾದುದು ಬೇರೊಂದಿಲ್ಲವೆಂದು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಉಬ್ಬಸದಿಂದ ಬಳಲುವ ನಮ್ಮ ತೀರ್ಥರೂಪರು ಇದೇ ನಂಬಿಕೆಯಿಂದ ಚಳಿಗಾಲದಲ್ಲಿಯೂ ನಸುಕಿನಲ್ಲೆದ್ದು, ಕಿವಿಗೆ ಮಫ್ಲರು ಸುತ್ತಿಕೊಂಡು, ಸುಳ್ಳದ ಹೊಲದ ದಾರಿಯಲ್ಲಿ ಬಹುದೂರ ನಡೆದು ಬರುತ್ತಿದ್ದರು. ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಏದುಸಿರು ಬಿಡುವರು. ಚಳಿಯೊಂದೇ ಇದಕ್ಕೆ ಕಾರಣವೆಂದು ಮನೆಯವರೆಲ್ಲ ತಿಳಿದಿದ್ದೆವು. ಭೌತಶಾಸ್ತ್ರವನ್ನು ಕಲಿಸುವ ನಾನೂ ಹಾಗೆಯೇ ತಿಳಿದಿದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಚಳಿಯ ಪಾಲು ಇಲ್ಲವೆಂದಲ್ಲ. ಆದರೆ ಮಾಗಿಯಲ್ಲಿ ಸೂರ್ಯೋದಯದ ಆಸುಪಾಸಿನ ಹವೆಯು ನಿರ್ಮಲವಾದುದೆಂಬ ಮಾತೇ ನಿಜವಲ್ಲ.

ಹಗಲಿನಲ್ಲಿ ನೆಲ ಕಾಯುತ್ತದೆ. ಅದಕ್ಕೆ ತಾಗಿದ ಹವೆಯು ಕಾದು, ಹಗುರಾಗಿ ಮೇಲೇರುತ್ತದೆ. ಹೊಗೆ ಧೂಳುಗಳೂ ಅದರೊಡನೆ ಏರಿ ಸಾವಿರ ಮೀಟರಿಗೂ ಮಿಕ್ಕಿದ ಎತ್ತರದವರೆಗೆ ಹರಡಿ ತೆಳುವಾಗುತ್ತವೆ. ಮಾಗಿಯ ಇರುಳಿನಲ್ಲಿ ಇದೆಲ್ಲವೂ ತಲೆಕೆಳಗು. ಮೋಡವಿಲ್ಲದ, ನೀರಾವಿ ಕಡಿಮೆಯಾದ ಆಕಾಶದತ್ತ ನೆಲವು ತನ್ನ ಕಾವನ್ನು ಸೂಸಿ ತಣಿಯುತ್ತದೆ. ನೆಲದ ಸಮೀಪದ ಹವೆಯು ತಣ್ಣಗಾಗಿ ಭಾರವಾಗುತ್ತದೆ. ಮೇಲಿನ ಹವೆಯು ಅದಕ್ಕಿಂತ ಬೆಚ್ಚಗಿರುತ್ತದೆ. ಇದನ್ನು ಉಷ್ಣತಾ ವಿಲೋಮವೆನ್ನುತ್ತಾರೆ. ಕೆಳಗಿನ ಭಾರವಾದ ಹವೆಯು ಮೇಲೇರಲಾರದು. ಅದರಲ್ಲಿ ಬೆರೆತ ಹೊಗೆಯೂ ಏರಲಾರದು. (ಎರೆಭೂಮಿ ಕಪ್ಪಾದುದರಿಂದ ಇರುಳಿನಲ್ಲಿ ಬೇಗ ತಣಿಯುತ್ತದೆಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷವೂ ಬರೆಯುತ್ತಾರೆ. ನಮ್ಮ ಕಣ್ಣಿಗೆ ಕಪ್ಪಾಗಿರುವುದು ಬೇರೆ ಮಾತು; ನೆಲವು ಇರುಳಿನಲ್ಲಿ ಸೂಸುವ ಅವಕೆಂಪು ಕಿರಣಗಳ ಮಟ್ಟಿಗೆ ಎರೆಯೂ ಮಸಾರಿಯೂ ಹೆಚ್ಚು ಕಡಿಮೆ ಒಂದೇ.) ಒಂದು ಕೋಣೆಯ ಮಾಳಿಗೆಯನ್ನು ಹತ್ತರಲ್ಲೊಂದು ಎತ್ತರಕ್ಕೆ ಇಳಿಸಿದರೆ, ಅದೇ ಒಲೆಯ ಅದೇ ಹೊಗೆ ಹತ್ತು ಪಟ್ಟು ದಟ್ಟವಾಗುವುದಿಲ್ಲವೆ? ಮಾಗಿಯ ಇರುಳು ಊರಿನ ಮಾಳಿಗೆಯನ್ನು ಹೀಗೆ ಇಳಿಸುತ್ತದೆ.

ಬೆಟ್ಟಗಳ ನಡುವಿನ ಕಣಿವೆಯ ಊರುಗಳಲ್ಲಿ ಇದರ ಘೋರ ರೂಪ ಕಂಡುಬಂದಿದೆ. ಇಳಿಜಾರಿನಿಂದ ಜಾರಿ ಬಂದ ತಂಪು ಹವೆಯು ತಳದಲ್ಲಿ ಮಡುಗಟ್ಟುತ್ತದೆ. ಸುತ್ತಲಿನ ಬೆಟ್ಟಗಳು ಗಾಳಿಯನ್ನು ತಡೆಯುತ್ತವೆ. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಮ್ಯೂಸ್ ಕಣಿವೆಯಲ್ಲಿ ಕಾರಖಾನೆಗಳ ಹೊಗೆ ಹೀಗೆ ನಿಂತು ಅರವತ್ತಕ್ಕೂ ಹೆಚ್ಚು ಜನರು ಸತ್ತರು. 1948ರ ಅಕ್ಟೋಬರಿನಲ್ಲಿ ಅಮೆರಿಕದ ಡೊನೋರಾ ಎಂಬ ಸಣ್ಣ ಊರಿನಲ್ಲಿ ಇಪ್ಪತ್ತು ಜನರು ತೀರಿಕೊಂಡರು. ಆದರೆ 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಲಂಡನ್ನಿನ ಸುತ್ತ ಅಂತಹ ಬೆಟ್ಟಗಳಿರಲಿಲ್ಲ. ಗೋಡೆಗಳಿಲ್ಲದಿದ್ದರೂ ಮುಚ್ಚಳವೊಂದೇ ಸಾಕು. ಮಲೆನಾಡಿನ ಸೆರಗಿನಾಚೆ, ಬಯಲಿನಲ್ಲಿರುವ ಹುಬ್ಬಳ್ಳಿಗೂ ಸುಳ್ಳಕ್ಕೂ ಆ ಮುಚ್ಚಳ ತಪ್ಪಿದ್ದಲ್ಲ. ಜನವರಿಯ ಬೆಳಿಗ್ಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನೇರಿದವರು ಕೆಳಗೆ ನೋಡಲಿ: ನೆಟ್ಟಗೆ ಏರುತ್ತ ಬಂದ ಹೊಗೆ ಒಂದು ಎತ್ತರದಲ್ಲಿ ತಡೆದು, ಚಾಪೆ ಹಾಸಿದಂತೆ ಅಡ್ಡವಾಗಿ ಹರಡುವುದು ಕಾಣುತ್ತದೆ.

ಮ್ಯೂಸ್ ಕಣಿವೆಯಷ್ಟು ಹೊಗೆ ನಮ್ಮಲ್ಲಿಲ್ಲ ನಿಜ. ಆದರೆ ಇರುವಷ್ಟನ್ನೂ ನಾವು ಮುಚ್ಚಳ ಬಿದ್ದ ಹೊತ್ತಿನಲ್ಲಿಯೇ ಬಿಡುತ್ತೇವೆ. ನೀರು ಕಾಯಿಸುವ ಹಂಡೆಯ ಒಲೆ ಹೊತ್ತುವುದು ಆಗ. ಬೀದಿಯನ್ನು ಗುಡಿಸಿ ಕಸಕ್ಕೆ ಕಡ್ಡಿ ಗೀರುವುದು, ಪ್ಲಾಸ್ಟಿಕ್ಕನ್ನೂ ಸೇರಿಸಿ ಮೈ ಕಾಯಿಸಿಕೊಳ್ಳುವುದು ಆಗ. ಹೊಲದಲ್ಲಿ ಉಳಿದ ಕೂಳೆಗೆ ಬೆಂಕಿಯಿಡುವುದು ಗಾಳಿ ಬಿದ್ದ ಸಂಜೆಗೆ. ಅದನ್ನೆಲ್ಲ ಉಸಿರಾಡುವವರು ಯಾರು? ಪೊರಕೆ ಹಿಡಿದ ಪೌರಕಾರ್ಮಿಕರು, ಬೆಳಗಿನ ಬಸ್ಸಿಗೆ ಕಾದು ನಿಂತ ಮಕ್ಕಳು, ಆರೋಗ್ಯಕ್ಕೆಂದು ವಾಯುವಿಹಾರಕ್ಕೆ ಹೊರಟ ಮುದುಕರು.

ನನ್ನ ನಿಜವಾದ ಆಕ್ಷೇಪವಿರುವುದು ಲೆಕ್ಕದ ರೀತಿಯ ಮೇಲೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಹವೆಯ ಕಾರ್ಯಕ್ರಮದಲ್ಲಿ, ಮಿತಿಯನ್ನು ಮೀರಿದ ಕರ್ನಾಟಕದ ನಾಲ್ಕು ನಗರಗಳ ಪೈಕಿ ಹುಬ್ಬಳ್ಳಿ-ಧಾರವಾಡವೂ ಒಂದಾಗಿ ಸೇರಿತು. ಅದು ಒಳ್ಳೆಯದೇ ಆಯಿತು. ಆದರೆ 2009ರ ರಾಷ್ಟ್ರೀಯ ಮಾನಕದಲ್ಲಿ 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ವರ್ಷದ ಸರಾಸರಿ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ದಿನದ್ದು 100. ಗಂಟೆಯ ಮಿತಿಯೆಂಬುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಪಡುವಣ ಗಾಳಿಯೂ ನಮ್ಮ ಹವೆಯನ್ನು ತೊಳೆಯುತ್ತವೆ. ಆ ಆಷಾಢ ಶ್ರಾವಣಗಳ ಪುಣ್ಯವನ್ನು ಪುಷ್ಯ ಮಾಘಗಳ ಖಾತೆಗೆ ಜಮಾ ಮಾಡುವುದೇ ವಾರ್ಷಿಕ ಸರಾಸರಿ. ಶ್ವಾಸಕೋಶವು ಹೀಗೆ ಲೆಕ್ಕವಿಡುವುದಿಲ್ಲ. ಜನವರಿಯ ಏಳು ಗಂಟೆಯ ಹೊಗೆಯನ್ನು ಅದು ಜನವರಿಯ ಏಳು ಗಂಟೆಗೇ ಸೇವಿಸಬೇಕು.

ಆದುದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನ ಅಂಕಿಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಕನ್ನಡದಲ್ಲಿ, ಮರುದಿನವೇ ಜನರಿಗೆ ತಿಳಿಸಬೇಕು. ಕಸಕ್ಕೆ ಬೆಂಕಿಯಿಡುವುದು ಯಾವ ಹೊತ್ತಿನಲ್ಲಿಯೂ ತಪ್ಪೇ. ಮಾಗಿಯ ನಸುಕಿನಲ್ಲಿ ಅದನ್ನು ತಡೆಯಲು ವಿಶೇಷ ಕಾವಲು ಬೇಕು. ಬೀದಿ ಗುಡಿಸುವುದನ್ನು ಹೊತ್ತೇರಿದ ಮೇಲೆ ಇಟ್ಟುಕೊಂಡರೆ ವಾಹನಗಳ ಕಾಟವೆಂಬುದನ್ನು ಒಪ್ಪುತ್ತೇನೆ. ಹಾಗಿದ್ದಲ್ಲಿ ಮೊದಲು ನೀರು ಚಿಮುಕಿಸಲಿ, ಕೆಲಸದವರಿಗೆ ಒಳ್ಳೆಯ ಮುಖವಸ್ತ್ರ ಕೊಡಲಿ. ಅಳೆಯುವ ಯಂತ್ರಗಳು ನಗರದ ಗಡಿಯಲ್ಲಿ ನಿಲ್ಲಲೂ ಕಾರಣವಿಲ್ಲ. ಹೊಗೆ ಮಹಾನಗರಪಾಲಿಕೆಯ ಸೀಮೆಯನ್ನು ಅರಿಯದು. ಸುಳ್ಳದಂತಹ ಹಳ್ಳಿಯ ಶಾಲೆಯ ಮಾಳಿಗೆಯ ಮೇಲೆ ಒಂದು ಸಣ್ಣ ಯಂತ್ರವನ್ನೂ, ನೆಲದ ಹತ್ತಿರ ಒಂದು ಹಾಗೂ ಎತ್ತರದಲ್ಲಿ ಒಂದು ಉಷ್ಣಮಾಪಕವನ್ನೂ ಇಟ್ಟರೆ, ಓದಿ ಬರೆದಿಡುವ ಕೆಲಸಕ್ಕೆ ಹುಡುಗರೇ ಸಾಕು.

ತೀರ್ಥರೂಪರು ಈಗ ಸಂಜೆ ನಾಲ್ಕಕ್ಕೆ ನಡೆಯಲು ಹೋಗುತ್ತಾರೆ. ಬಿಸಿಲೆಂದು ಗೊಣಗುತ್ತಾರೆ, ಕಟ್ಟೆಯ ಮೇಲೆ ಕೂಡ್ರುವ ಹೊತ್ತು ಮಾತ್ರ ಕಡಿಮೆಯಾಗಿದೆ.