ಬೈಕು ಬಿದ್ದಾಗ ಕ್ಲೇಮೋ, ಕೈಯ ದುಡ್ಡೋ?



ಹೋದ ಸಲ ಹಲಸಿನ ಹಪ್ಪಳದ ಹದ ಹೇಳಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಅಂಗಳಕ್ಕೆ ಬಂದಿದ್ದೇನೆ, ಅಲ್ಲಿ ನಿಂತಿರುವ ಬೈಕಿನ ಹತ್ತಿರ. “ಇದೇನಪ್ಪ, ಇವಳಿಗ್ಯಾಕೆ ಗಂಡಸರ ವಿಷಯ” ಎಂದು ಪುಟ ಮಗುಚಬೇಡಿ. ಓಡಿಸುವವರು ಗಂಡನೋ ಮಗನೋ ಇರಬಹುದು. ಅದು ಬಿದ್ದಾಗ ಸಾಸಿವೆ ಡಬ್ಬಿಯ ತಳದಿಂದ ದುಡ್ಡು ತೆಗೆಯುವವರು ನಾವೇ ತಾನೆ?

ಹೆಬ್ಬೆಯ ಕಡೆಯ ಮಳೆಗಾಲ ನೋಡಿದವರಿಗೇ ಗೊತ್ತು. ಜೀಪುಗಳು ಓಡಾಡಿ ಓಡಾಡಿ ದಾರಿಯ ಕೆಂಪು ಮಣ್ಣು ಕಲಸಿಟ್ಟ ಹಿಟ್ಟಿನಂತಾಗಿರುತ್ತದೆ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಗೆ ಇಳಿಯುವ ತಿರುವುಗಳಲ್ಲಂತೂ ಮಂಜು ಬೇರೆ. ಹೋದ ಮಳೆಗಾಲದಲ್ಲಿ ಅಂಥದೇ ಒಂದು ತಿರುವಿನಲ್ಲಿ ನಮ್ಮ ಹುಡುಗ ಜಾರಿ ಬಿದ್ದ. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬೈಕಿನ ಮುಂದಿನ ಮಡ್‌ಗಾರ್ಡು, ಇಂಡಿಕೇಟರು, ಬ್ರೇಕಿನ ಲಿವರು, ಕಾಲಿಡುವ ಕಂಬಿ ಎಲ್ಲ ಹೋದವು. ಗ್ಯಾರೇಜಿನವರು 2,500 ರೂಪಾಯಿ ಎಂದರು.

ನಮ್ಮ ಯಜಮಾನರು, “ವರ್ಷಾ ವರ್ಷಾ ಕಟ್ತೀವಲ್ಲ, ಕ್ಲೇಮ್ ಮಾಡು” ಎಂದರು. ಮಗ ಮಾತ್ರ, “ಬೇಡಪ್ಪ, ಬೋನಸ್ ಹೋಗುತ್ತೆ” ಎಂದ. ಇಬ್ಬರೂ ಕೂಗಾಡಿದ್ದೇ ಬಂತು, ಲೆಕ್ಕ ಹಾಕಿದವರು ಯಾರೂ ಇಲ್ಲ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು, ಶೇಕಡಾವಾರು ಲೆಕ್ಕ ಇನ್ನೂ ಮರೆತಿಲ್ಲ. ಪಾಲಿಸಿ ಕಾಗದ ಹಿಡಿದು ಕೂತೆ.

ಕಾಗದದಲ್ಲಿ ಎರಡು ಭಾಗ ಇರುತ್ತದೆ, ನೋಡಿ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಬೈಕಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ. 1988ರ ಮೋಟಾರು ವಾಹನ ಕಾಯಿದೆಯಂತೆ ಇದು ಕಡ್ಡಾಯ. ಇದರ ದರ ನಿಗದಿ ಮಾಡುವುದು ಸರಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಜಾಗ್ರತೆಯಾಗಿ ಓಡಿಸುವವನಿಗೂ ಅಷ್ಟೇ, ಹುಚ್ಚುಚ್ಚಾಗಿ ಓಡಿಸುವವನಿಗೂ ಅಷ್ಟೇ. (ಇದು ನ್ಯಾಯವೇ ಎಂದು ನನ್ನನ್ನು ಕೇಳಬೇಡಿ.)

ಇನ್ನೊಂದು ನಮ್ಮ ಬೈಕಿನ ಸ್ವಂತ ನಷ್ಟಕ್ಕೆ ಕಟ್ಟುವುದು. ಬೋನಸ್ಸಿನ ಆಟವೆಲ್ಲ ಇಲ್ಲಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಈ ಭಾಗದಲ್ಲಿ ನೂರಕ್ಕೆ 20 ರಿಯಾಯಿತಿ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಂತಿತು. ನಡುವೆ ಒಂದೇ ಒಂದು ಕ್ಲೇಮ್ ಮಾಡಿದಿರೋ, ಸೊನ್ನೆಗೆ ಇಳಿಯಿತು. ವರ್ಷಗಟ್ಟಲೆ ಕಾಪಾಡಿದ ಮಾವಿನಮಿಡಿ ಭರಣಿಗೆ ಯಾರೋ ಒದ್ದೆ ಸೌಟು ಅದ್ದಿದ ಹಾಗೆ.

ನಮ್ಮದು ನಾಲ್ಕನೇ ವರ್ಷ, 35ರ ರಿಯಾಯಿತಿಯಲ್ಲಿತ್ತು. ರಿಯಾಯಿತಿ ಕಳೆಯುವ ಮುಂಚೆ ಸ್ವಂತ ನಷ್ಟದ ಕಂತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 450 ಉಳಿಯುತ್ತಿತ್ತು, ಆಮೇಲೆ ಪ್ರತಿ ವರ್ಷ 500. ಮಾಡಿದರೆ ಮುಂದಿನ ವರ್ಷ ಉಳಿತಾಯ ಸೊನ್ನೆ, ಆಮೇಲೆ 200, 250, 350, 450 ಎಂದು ಮತ್ತೆ ಮೊದಲಿನಿಂದ ಏಣಿ ಹತ್ತಬೇಕು. ವರ್ಷ ವರ್ಷದ ವ್ಯತ್ಯಾಸ ಕೂಡಿದರೆ 450, 300, 250, 150, 50. ಐದು ವರ್ಷಕ್ಕೆ ಒಟ್ಟು 1,200 ರೂಪಾಯಿ ನಷ್ಟ. ಬೈಕು ಹಳೆಯದಾದಂತೆ ಅದರ ಬೆಲೆ ಕಟ್ಟುವುದೂ ಇಳಿಯುವುದರಿಂದ ನಿಜವಾದ ನಷ್ಟ ಇನ್ನೂ ಸ್ವಲ್ಪ ಕಡಿಮೆಯೇ.

ಹಾಗಾದರೆ ಕ್ಲೇಮ್ ಮಾಡಿದರೆ 2,500 ಪೂರ್ತಿ ಸಿಗುತ್ತದೆಯೇ? ಇಲ್ಲ. ಪ್ಲಾಸ್ಟಿಕ್ಕು, ರಬ್ಬರು ಭಾಗಗಳಿಗೆ ಸವಕಳಿ ಎಂದು ಅರ್ಧ ಹಿಡಿಯುತ್ತಾರೆ. ಕಬ್ಬಿಣದ ಭಾಗಕ್ಕೆ ಬೈಕಿನ ವಯಸ್ಸು ನೋಡಿ ಹಿಡಿಯುತ್ತಾರೆ, ಮೂರು ದಾಟಿ ನಾಲ್ಕರೊಳಗಿದ್ದರೆ ನೂರಕ್ಕೆ 25. ನಮ್ಮ ಬಿಲ್ಲಿನಲ್ಲಿ ಪ್ಲಾಸ್ಟಿಕ್ಕಿನದು 1,400, ಅದಕ್ಕೆ 700. ಕಬ್ಬಿಣದ್ದು 800, ಅದಕ್ಕೆ 600. ಕೂಲಿ 300 ಪೂರ್ತಿ. ಒಟ್ಟು 1,600, ಅದರಲ್ಲಿ ಕಡ್ಡಾಯವಾಗಿ ನಾವು ಹೊರಬೇಕಾದ 100 ಕಳೆದರೆ 1,500. ಪಡೆಯುವುದು 1,500, ಕಳೆಯುವುದು ಹತ್ತಿರ ಹತ್ತಿರ 1,200. ಸರ್ವೇಯರು ಬಂದು ನೋಡುವ ತನಕ ಬೈಕು ಗ್ಯಾರೇಜಿನಲ್ಲೇ, ಮಗನ ಕೆಲಸಕ್ಕೆ ಬಸ್ಸಿನ ಖರ್ಚು. ಕೈಯಿಂದಲೇ ಕೊಟ್ಟುಬಿಟ್ಟೆವು. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಬಿಡಿ.

ಇಷ್ಟೇ ಆಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಬರೆಸಿದ್ದು ನಮ್ಮ ಬಳಗದ ಒಬ್ಬಾಕೆಯ ಕೈಬಳೆ.

ಅವಳ ಗಂಡನ ಬೈಕು ದರೆಗೆ ಗುದ್ದಿ ಮುಂಭಾಗವೆಲ್ಲ ತಿರುಚಿಕೊಂಡಿತ್ತು. ಬಿಲ್ಲು 14,000. ಕ್ಲೇಮ್ ಮಾಡಿದರೆ ಜೀವಮಾನವೆಲ್ಲ ಜಾಸ್ತಿ ಕಟ್ಟಬೇಕೆಂದು ಯಾರೋ ಹೆದರಿಸಿದರಂತೆ. ಬಳೆ ಅಡವಿಟ್ಟು ಬೈಕು ಬಿಡಿಸಿಕೊಂಡರು. ಮೂರು ತಿಂಗಳ ಮೇಲೆ ಒಂದು ನಾಮಕರಣದಲ್ಲಿ ಬರಿಗೈಯಲ್ಲಿ ಸಿಕ್ಕಳು. “ಬಳೆ ಎಲ್ಲೇ?” ಎಂದೆ. “ಬ್ಯಾಂಕಲ್ಲಿದೆ ಅಕ್ಕಾ, ಬಡ್ಡಿ ಓಡ್ತಾ ಇದೆ” ಎಂದಳು. ಮನೆಗೆ ಬಂದು ಅವಳದೂ ಲೆಕ್ಕ ಹಾಕಿದೆ. ಬೈಕಿಗೆ ಎರಡು ವರ್ಷ ತುಂಬಿತ್ತು, ಅವಳದು 25ರ ಮೆಟ್ಟಿಲು. ಸವಕಳಿ ಕಳೆದರೂ 10,000ಕ್ಕೂ ಮೇಲೆ ಸಿಗುತ್ತಿತ್ತು. ಅವರ ಕಂತೂ ಸಾವಿರದ್ದೇ ಆಗಿದ್ದರಿಂದ ಐದು ವರ್ಷದಲ್ಲಿ ಕಳೆದುಕೊಳ್ಳುತ್ತಿದ್ದುದು ಸುಮಾರು 1,050. ಸಾವಿರ ಉಳಿಸಲು ಹತ್ತು ಸಾವಿರ ಬಿಟ್ಟಿದ್ದರು! ಆಗ ಹೋಗಿ ಕೇಳೋಣವೆಂದರೆ ಬೈಕು ರಿಪೇರಿಯಾಗಿ ಓಡಾಡುತ್ತಿದೆ, ಸರ್ವೇಯರು ನೋಡುವುದೇನನ್ನು? ಅಪಘಾತವಾದ ಕೂಡಲೇ ತಿಳಿಸಬೇಕಿತ್ತು, ಬಿಚ್ಚುವ ಮೊದಲು ತೋರಿಸಬೇಕಿತ್ತು. ಇದನ್ನು ಅವಳಿಗೆ ಹೇಳಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಹೇಳಿದೆ. ಅವಳು ಅಳಲಿಲ್ಲ, “ಆ ಕಾಗದ ನಾನು ಒಂದು ದಿನಾನೂ ಬಿಚ್ಚಿ ನೋಡಿರಲಿಲ್ಲ ಅಕ್ಕಾ” ಎಂದಳು.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಥರ್ಡ್ ಪಾರ್ಟಿ ಐದು ವರ್ಷದ್ದು ಒಟ್ಟಿಗೆ ಮಾಡಿಸಬೇಕು. “ಇನ್ಶೂರೆನ್ಸು ಐದು ವರ್ಷ ಇದೆಯಮ್ಮಾ” ಎಂದು ಮಕ್ಕಳು ನಿಶ್ಚಿಂತೆಯಾಗಿರುತ್ತಾರೆ. ಸ್ವಂತ ನಷ್ಟದ್ದು ಎಷ್ಟೋ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಮುಗಿದ ಮೇಲೆ 90 ದಿನದೊಳಗೆ ನವೀಕರಿಸದಿದ್ದರೆ ಕ್ಲೇಮೇ ಮಾಡದಿದ್ದರೂ ಬೋನಸ್ಸು ಹೋಯಿತು.

ಹಾಗೆಯೇ ಬೋನಸ್ಸು ಬೈಕಿನದಲ್ಲ, ಮಾಲೀಕರದು. ಹಳೆಯದನ್ನು ಮಾರಿದರೆ ಕಂಪನಿಯಿಂದ ಪತ್ರ ಬರೆಸಿಕೊಳ್ಳಿ, ಮೂರು ವರ್ಷದೊಳಗೆ ಹೊಸ ಬೈಕಿಗೆ ಹಚ್ಚಬಹುದು. ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟು ಬೇರೆ ಕಂಪನಿಯಲ್ಲಿ ರಿಯಾಯಿತಿ ಕೇಳಲು ಮಾತ್ರ ಬಿಡಬೇಡಿ. ಅವರು ಹಳೆಯ ಕಂಪನಿಯನ್ನು ವಿಚಾರಿಸುತ್ತಾರೆ, ಸಿಕ್ಕಿಬಿದ್ದರೆ ಮುಂದಿನ ಕ್ಲೇಮಿಗೇ ಕಲ್ಲು.

ನಮ್ಮ ಮನೆಯ ಪಾಲಿಸಿ ಕಾಗದ ಈಗ ರೇಷನ್ ಕಾರ್ಡಿನ ಜೊತೆ ನನ್ನ ಕಪಾಟಿನಲ್ಲಿದೆ. ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಬಳೆಯವಳು ದೀಪಾವಳಿಗೆ ಮುಂಚೆ ಬಿಡಿಸಿಕೊಳ್ಳುತ್ತೇನೆಂದು ಹಾಲು ಮಾರಿದ ದುಡ್ಡು ಕೂಡಿಡುತ್ತಿದ್ದಾಳೆ.